ಬೆನ್ನಿನ ಮೇಲಿನ ಹೆಸರು

ಜನವರಿ 17, 2023. ಬೆಳಿಗ್ಗೆ 6.10

ಹಾಲು ಕಾಯಿಸಿದೆ. ಮಗಳು ಸಂಹಿತಾಳ ಸ್ಕೂಲ್ ಡಬ್ಬಿಗೆ ಮತ್ತೆ ಅದೇ ಚಪಾತಿ. ಫ್ರಿಜ್ ಮೇಲೆ ಲಗ್ನಪತ್ರಿಕೆ — ನಾನು ತಪ್ಪಿಸಿಕೊಳ್ಳದಿರಲಿ ಎಂದು ನನ್ನ ಗಂಡ ಬಾಲಕೃಷ್ಣ ಅಂಟಿಸಿದ್ದು. ಸೂರತ್‌ನ ವರಾಛಾದಲ್ಲಿ ಮನ್ಸುಖ್‌ಭಾಯ್ ಮಗಳ ಮದುವೆ. 2021ರಲ್ಲಿ ಅಲ್ಲಿ ಬೆಡ್ ಸಿಗದೆ ಅಹಮದಾಬಾದಿಗೆ, ನಮ್ಮ ಕೋವಿಡ್ ವಾರ್ಡಿಗೆ ಬಂದವರು. ಅವರಿಗೆ ಉಸಿರಾಟದ ವ್ಯಾಯಾಮ ಮಾಡಿಸಿದ ಫಿಸಿಯೋ ನಾನು.

ಹೋಗಲಾರೆ. ಜನ ಸೇರಿದಲ್ಲಿ ಒಬ್ಬೊಬ್ಬರ ಉಸಿರು ಎಣಿಸುತ್ತೇನೆ, ನಿಮಿಷಕ್ಕೆ ಎಷ್ಟು ಎಂದು. ಗೆಳತಿ ಮೇಘನಾಳ ಗೃಹಪ್ರವೇಶದಿಂದ ಊಟಕ್ಕೆ ಮೊದಲೇ ಓಡಿಬಂದೆ.

ಜನವರಿ 29

ರೈಲು ಬುಕ್ ಆಗಿದೆ. ಬಾಲಕೃಷ್ಣ ನನ್ನನ್ನು ಕೇಳಿಲ್ಲ.

"ಜಿಲೇಬಿ ತಿಂದು ವಾಪಸ್ ಬರೋಣ ಕಣೇ."

"ಬಾಗಿಲ ಪಕ್ಕದ ಕುರ್ಚಿ ಸಿಕ್ಕಿದ್ರೆ ಮಾತ್ರ."

"ರಾಕೆಟ್ ಹಾರಿಸೋ ಆಫೀಸಲ್ಲಿ ಇಪ್ಪತ್ತು ವರ್ಷ ದುಡಿದಿದೀನಿ, ಒಂದು ಕುರ್ಚಿ ಹಿಡಿಯೋಕಾಗಲ್ವಾ?"

ಇದು ಹೆದರಿಕೆಯೋ, ಅಭ್ಯಾಸವೋ? ವಾರ್ಡಿನಲ್ಲಿ ರೋಗಿಗಳ ಉಸಿರು ಎಣಿಸು ಎಂದಿದ್ದರು. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ… ಅಷ್ಟೇ ಇರಬಹುದೆ?

ಫೆಬ್ರವರಿ 5. ಮಧ್ಯಾಹ್ನ 12.50

ಮದುವೆ ಹಾಲ್. ಬಾಗಿಲ ಪಕ್ಕದ ಕುರ್ಚಿ. ಫೋನಿನಲ್ಲಿ ಬರೆಯುತ್ತಿದ್ದೇನೆ, ನಗು ತಡೆಯುತ್ತಿಲ್ಲ.

ಮುಂದಿನ ಸಾಲಿನ ಮುದುಕರೊಬ್ಬರ ಉಸಿರು ಎಣಿಸುತ್ತಿದ್ದೆ — ಹದಿನೆಂಟು, ಸರಿ. ಮನ್ಸುಖ್‌ಭಾಯ್ ತಾಯಿ ಎದುರು ಬಂದು, ಯಾರು ನೀವು ಎಂದರು. "ತಮೇ ಕೋಣ್?"

ಎದ್ದವಳೇ ತಿರುಗಿ ಬೆನ್ನು ತೋರಿಸಿದೆ!

ವಾರ್ಡಿನ ಪಿಪಿಇ ಸೂಟಿನ ಕಾಲದ ರೂಢಿ. ಮುಖ ಕಾಣದು, ಬೆನ್ನಿನ ಮೇಲೆ ಮಾರ್ಕರ್‌ನಲ್ಲಿ ಹೆಸರು, ಪಕ್ಕದಲ್ಲಿ ನಾನೇ ಬಿಡಿಸಿದ ಗಾಳಿಪಟ. ಯಾರು ಎಂದರೆ ತಿರುಗಿದರಾಯಿತು. ಇಂದು ಅಲ್ಲಿ ಬರೀ ರೇಷ್ಮೆ ಸೀರೆ.

"ಏನೇ ಹೇಮಾ, ಹಿರಿಯರಿಗೆ ಬೆನ್ನು ತೋರಿಸ್ತೀಯಲ್ಲೇ!" ಬಾಲಕೃಷ್ಣ ಕಂಗಾಲು.

ಮಂಟಪದಿಂದಲೇ ಮನ್ಸುಖ್‌ಭಾಯ್ ಕೂಗಿದರು — "ಅರೇ, ಪತಂಗ್‌ವಾಲಾ ಮ್ಯಾಡಮ್!" ಗಾಳಿಪಟದ ಮ್ಯಾಡಮ್ ನಾನು. ನನ್ನ ಮುಖ ಅವರು ನೋಡಿಯೇ ಇರಲಿಲ್ಲ. ಆ ತಿರುಗುವುದೊಂದೇ ಗೊತ್ತು. ಅಜ್ಜಿ ನನ್ನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ಬಹಳ ಹೊತ್ತು.

1.40

ಮೂರನೇ ಜಿಲೇಬಿ. ಢೋಲು ಶುರುವಾಗಿದೆ. ಮನ್ಸುಖ್‌ಭಾಯ್ ಗರ್ಬಾ ಕುಣಿಯುತ್ತಿದ್ದಾರೆ, ಆ ಶ್ವಾಸಕೋಶ ಇಟ್ಟುಕೊಂಡು! ಏದುಸಿರು ಬೇರೆ. ನಿಮಿಷಕ್ಕೆ ಎಷ್ಟು…

ಎಣಿಸಿಲ್ಲ. ಅಜ್ಜಿ ಕೆನ್ನೆ ಹಿಡಿದಾಗಿನಿಂದ ಯಾರದ್ದೂ ಎಣಿಸಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ ಕೂತಾಯಿತು. ಅಜ್ಜಿ ಸೆರಗು ಹಿಡಿದು ಎಳೆಯುತ್ತಿದ್ದಾರೆ, ಕುಣಿಯೋಕೆ ಬಾ, ಫೋನ್ ಕೊಡು ಅಂತ, ಒಂದೇ ನಿಮಿಷ ಅಂದರೂ —