ಕತ್ತಿ ಕೆಳಗಿಟ್ಟ ಮೇಲೆ

ಮಾರ್ಚ್ 3, ಸೋಮವಾರ

ಕ್ಷೌರದಂಗಡಿ ತೆರೆದು ಇಬ್ಬರ ತಲೆ ಮುಗಿಸುವಷ್ಟರಲ್ಲಿ ಮತ್ತೆ ಹೊಟ್ಟೆ ನುಲಿಯಿತು. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದ್ದೆ, ಹಾಗೇ ಬಿಟ್ಟು ಹಿಂಬಾಗಿಲಿಗೆ ಓಡಿದೆ. ಬರುವಷ್ಟರಲ್ಲಿ ಪಕ್ಕದ ಕುರ್ಚಿಯ ಭಾವಮೈದ ನನ್ನ ಗಿರಾಕಿಗೂ ಕತ್ತರಿ ಆಡಿಸುತ್ತಿದ್ದ. ನನ್ನ ಕರುಳಿನ ಹುಣ್ಣು ಅವನಿಗೆ ಹಳೆಯ ಸುದ್ದಿ.

ಹೊಸದು ಈ ತುರಿಕೆ. ಅಂಗೈ, ಅಂಗಾಲು. ಗಿರಾಕಿಯೊಬ್ಬ ನಕ್ಕ: "ಅಂಗೈ ತುರಿಸಿದ್ರೆ ದುಡ್ಡು ಬರುತ್ತಂತೆ ಕಣ್ರೀ!" ಹಾಗಿದ್ದರೆ ಇಷ್ಟೊತ್ತಿಗೆ ಊರೇ ನನ್ನದಾಗಬೇಕಿತ್ತು.

ಮಾರ್ಚ್ 5

ಹೆಂಡತಿ ಬೆಳಗ್ಗೆ ಗಲ್ಲ ಹಿಡಿದು ಮುಖವನ್ನು ಕಿಟಕಿಯತ್ತ ತಿರುಗಿಸಿದಳು. "ಕಣ್ಣು ಹಳದಿ ಆಗಿದೆಯಲ್ರೀ!" ದಿನವಿಡೀ ಕನ್ನಡಿ ಮುಂದೆ ನಿಲ್ಲುವವನು ನಾನು. ನೋಡುವುದು ಮಾತ್ರ ಬೇರೆಯವರ ತಲೆ.

ಕರುಳಿನ ಜೊತೆ ಲಿವರ್‌ಗೂ ಪೆಟ್ಟು ಬಿದ್ದಿದೆ, ಪಿತ್ತನಾಳ ಕಿರಿದಾಗುತ್ತ ಹೋಗಬಹುದು ಎಂದು ಡಾಕ್ಟರಮ್ಮ ಹಿಂದೆಯೇ ಹೇಳಿದ್ದರು. ಫೋನ್ ಮಾಡಿದೆ. "ಶುಕ್ರವಾರ ಬನ್ನಿ. ಅಷ್ಟರಲ್ಲಿ ಚಳಿಜ್ವರ ಬಂದ್ರೆ ಶುಕ್ರವಾರ ಅಂತ ಕಾಯ್ಬೇಡಿ. ಆ ಕ್ಷಣಕ್ಕೇ ಹೊರಟ್ಬಿಡಿ."

ಮಾರ್ಚ್ 10, ಆಸ್ಪತ್ರೆ

ಗುರುವಾರದ್ದು ಈಗ ಬರೆಯುತ್ತಿದ್ದೇನೆ. ರಿಟೈರ್ಡ್ ಮೇಷ್ಟ್ರಿಗೆ ಶೇವಿಂಗ್. ಗಂಟಲ ಮೇಲೆ ಕತ್ತಿ. ಇದ್ದಕ್ಕಿದ್ದಂತೆ ಬೆನ್ನಲ್ಲಿ ಚಳಿ ಹುಟ್ಟಿ ಕೈಗಿಳಿಯಿತು. ಎಂದೂ ನಡುಗದ ಕೈ... ಕತ್ತಿ ಕೆಳಗಿಟ್ಟೆ. ಹೇಗಿಟ್ಟೆನೋ ಗೊತ್ತಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಯಾಕಪ್ಪಾ ನಿಲ್ಲಿಸ್ದೆ?" ಅಂದರು. ಹಲ್ಲು ಕಟಕಟ.

ಕಂಬಳಿ ಹೊದ್ದು ಮಲಗಿದರೆ ಸರಿಹೋಗುತ್ತೆ ಅಂದೆ. ಭಾವಮೈದ ತೋಳು ಹಿಡಿದು ಎಬ್ಬಿಸಿದ. "ಭಾವ, ಡಾಕ್ಟ್ರು ಹೇಳಿದ್ದು ಮರೆತ್ರಾ? ಏಳಿ ಮೇಲೆ." ಟ್ಯಾಕ್ಸಿ ನಿಲ್ಲಿಸಿದ್ದು ಮೇಷ್ಟ್ರೇ. ನಡುರಸ್ತೆಯಲ್ಲಿ, ಅರ್ಧ ಮುಖ ನೊರೆ, ಕೊರಳಲ್ಲಿ ನಮ್ಮ ಬಟ್ಟೆ.

ನಾಳ ಒಂದು ಕಡೆ ದಾರದಷ್ಟು ಸಣ್ಣಗಾಗಿತ್ತಂತೆ. ಪಿತ್ತ ಕಟ್ಟಿಕೊಂಡು ಸೋಂಕು. ಮೊದಲು ಡ್ರಿಪ್, ಆಂಟಿಬಯೋಟಿಕ್. ಆಮೇಲೆ ಬಾಯಿಂದ ನಳಿಕೆ ಇಳಿಸಿ, ಪುಟ್ಟ ಬಲೂನು ಉಬ್ಬಿಸಿ ದಾರಿ ಬಿಡಿಸಿದರು. ಆ ಜಾಗವನ್ನು ಬ್ರಶ್ಶಿನಿಂದ ಉಜ್ಜಿ ಸ್ಯಾಂಪಲ್ಲೂ ತೆಗೆದಿದ್ದಾರೆ.

"ಇಂಥ ಕಡೆ ಕೆಲವೊಮ್ಮೆ ಕ್ಯಾನ್ಸರ್ ಅಡಗಿರುತ್ತೆ," ಅಂದರು ಡಾಕ್ಟರಮ್ಮ. "ಇದೆ ಅಂತ ಹೇಳ್ತಿಲ್ಲ. ನೋಡದೆ ಇಲ್ಲ ಅನ್ನೋಕಾಗಲ್ಲ, ಅಷ್ಟೇ."

ಇವಳು ನನ್ನ ಹೊದಿಕೆಯ ಅಂಚು ಮಡಚಿದಳು. ಬಿಡಿಸಿದಳು. ಮತ್ತೆ ಮಡಚಿದಳು.

ಮಾರ್ಚ್ 15

ಮನೆ. ತುರಿಕೆ ಇಳಿಯುತ್ತಿದೆ. ರಿಪೋರ್ಟ್ ಬಂದಿಲ್ಲ.

ಫೋನ್ ರಿಂಗಾದರೆ ಇಬ್ಬರೂ ಬೆಚ್ಚಿ ಬೀಳುತ್ತೇವೆ. ಸಂಜೆ ರಿಂಗಾಯಿತು. ಇವಳು ಎತ್ತಿದಳು—ಅವಳ ತಮ್ಮ. ಹೊಸ ಬ್ಲೇಡ್ ಪ್ಯಾಕೆಟ್ ಎಲ್ಲಿದೆ ಅಂತ. "ಲೋ, ಇನ್ಮೇಲೆ ಏನಾದ್ರೂ ಬೇಕಿದ್ರೆ ಮನೆಗೆ ಬಂದು ಕೇಳೋ! ಇಲ್ಲಿ ಜೀವ ಬಾಯಿಗೆ ಬರುತ್ತೆ!"

ಆಮೇಲೆ ಇಬ್ಬರೂ ನಕ್ಕೆವು.

ಮಾರ್ಚ್ 19

ಇಲ್ಲ. ಇಲ್ಲವಂತೆ!

ಡಾಕ್ಟರಮ್ಮ ಕುರ್ಚಿ ತೋರಿಸುವ ಮೊದಲೇ ಹೇಳಿಬಿಟ್ಟರು. "ಕೆಟ್ಟದ್ದೇನೂ ಸಿಕ್ಕಿಲ್ಲ." ಇವಳು, "ಇನ್ನೊಂದ್ಸಲ ಹೇಳಿ ಡಾಕ್ಟ್ರೇ," ಅಂದಳು. ಅವರು ನಕ್ಕು ಮತ್ತೆ ಹೇಳಿದರು.

ರೋಗ ಹೋಗಿಲ್ಲ. ನಾಳ ಮತ್ತೆ ಕಿರಿದಾಗಬಹುದು. ಆಗಾಗ ಸ್ಕ್ಯಾನ್, ವರ್ಷಕ್ಕೊಮ್ಮೆ ಕರುಳಿನ ಪರೀಕ್ಷೆ. ಮುಂದೆಂದಾದರೂ ಲಿವರ್ ಬದಲಿಸಬೇಕಾಗಿ ಬಂದರೂ ಬರಬಹುದು. "ಅದು ಇವತ್ತಿನ ಮಾತಲ್ಲ," ಅಂದರು. "ಚಳಿ ಬಂದ ತಕ್ಷಣ ಬಂದ್ರಲ್ಲ, ಅದು ನಿಮ್ಮನ್ನ ಉಳಿಸ್ತು."

ಕಾರಿಡಾರಿನಲ್ಲಿ ಇವಳು ಗೋಡೆಗೊರಗಿ ಅತ್ತಳು. ನಾನು ಪಕ್ಕದಲ್ಲಿ ನಿಂತೆ. ನರ್ಸ್ ಒಬ್ಬಳು ಓಡಿಬಂದು, "ಏನಾಯ್ತಮ್ಮಾ?" ಅಂದಳು. "ಏನೂ ಆಗಿಲ್ವಂತೆ!" ಎಂದು ಇವಳು ಇನ್ನೂ ಜೋರಾಗಿ ಅತ್ತಳು.

ಏಪ್ರಿಲ್ 6

ಅಂಗಡಿಗೆ ಹೊಸ ಕುರ್ಚಿ ತರೋಣ ಎಂದು ಭಾವಮೈದ ಹೋದ ವಾರ ಕೇಳಿದ. ತಾ ಅಂದೆ. ಮುಂದಿನ ದಿನಗಳ ಮಾತಾಡಿ ಎಷ್ಟು ದಿನವಾಗಿತ್ತೋ... ಕುರ್ಚಿ ಇವತ್ತು ಬಂತು. ಮೆತ್ತಗಿದೆ, ಹಿಂದಕ್ಕೆ ಬಾಗುತ್ತದೆ.

"ಮೊದಲ ಗಿರಾಕಿ ನೀವೇ, ಭಾವ." ಕೂರಿಸಿ ನೊರೆ ಹಚ್ಚಿದ. ಇಷ್ಟು ವರ್ಷ ಅಂಗಡಿ ನಡೆಸಿಯೂ ಇಲ್ಲಿ ಹೀಗೆ ಕೂತವನೇ ಅಲ್ಲ. ಬಿಸಿ ಬಟ್ಟೆ, ಕತ್ತಿಯ ಸರಸರ. ಮೈಯಲ್ಲಿ ಎಲ್ಲೂ ತುರಿಕೆ ಇರಲಿಲ್ಲ, ಹೊಟ್ಟೆಯೂ ಸುಮ್ಮನಿತ್ತು. ನಿದ್ದೆ ಹತ್ತಿಬಿಟ್ಟಿತು! ಗೊರಕೆ ಹೊಡೆದೆನಂತೆ. ಕಾಯುತ್ತಿದ್ದವರು ಎಬ್ಬಿಸಲಿಲ್ಲವಂತೆ.

ಮನೆಗೆ ಬಂದರೆ ಇವಳು ಗಲ್ಲ ಸವರಿ ನೋಡಿ, "ಯಾರ್ರೀ ಈ ಹೊಸ ಮದುಮಗ?" ಅಂದಳು. ನಾನು ಅದಕ್ಕೆ, "ಹೆಣ್ಣು ನೋಡೋಕೆ ಬಂದಿದ್ದೀನಿ," ಅಂದೆ.