ಬ್ಯಾಂಕಿನವನನ್ನು ಕಾಯಿಸಿದ್ದಕ್ಕೆ

ಹಾಸ್ಟೆಲ್, ಎರಡನೇ ಮಹಡಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಸೊಂಟ ನೋವು ಹೇಗಿದೆ? ಬಗ್ಗಿ ಹೊಲಿಗೆ ಮಷಿನ್ ಎತ್ತುವುದನ್ನು ಬಿಟ್ಟಿದ್ದೀರೋ ಇಲ್ಲವೋ? ಅಮ್ಮನನ್ನು ಕೇಳಿದರೆ ಅವರನ್ನೇ ಕೇಳು ಅನ್ನುತ್ತಾಳೆ. ನಿಮ್ಮನ್ನು ಕೇಳೋಣವೆಂದರೆ ಬುಧವಾರದಿಂದ ನೀವು ನನ್ನ ಫೋನೇ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ನಾಳೆ ಊರಿಗೆ ಹೊರಟಿರುವ ಅತ್ತೆಯ ಕೈಯಲ್ಲಿ ಕಳಿಸುತ್ತೇನೆ, ಅವರ ಮುಂದೆ ನೀವು ಇದನ್ನು ಹರಿದು ಹಾಕುವುದಿಲ್ಲ ಎಂಬ ಧೈರ್ಯ.

ಬುಧವಾರ ನಾನು ಲ್ಯಾಬ್‌ನಲ್ಲಿದ್ದೆ. ನಿಮ್ಮ ಖಾತೆಗೆ ನನ್ನ ಮೊಬೈಲ್ ನಂಬರನ್ನೇ ಕೊಟ್ಟಿದ್ದೇವಲ್ಲ, ಓಟಿಪಿ ನನಗೆ ಬಂತು. ಅದರ ಹಿಂದೆಯೇ ನಿಮ್ಮ ಫೋನು. "ಗುಬ್ಬಿ, ಬ್ಯಾಂಕಿನವರು ಅಂಗಡಿ ಫೋನಲ್ಲಿ ಕಾಯ್ತಿದ್ದಾರೆ, ಖಾತೆ ಬಂದ್ ಆಗುತ್ತಂತೆ, ಆ ನಂಬರ್ ಬೇಗ ಹೇಳಮ್ಮ." ಹೇಳಲ್ಲ, ಅವನು ಬ್ಯಾಂಕಿನವನೇ ಅಲ್ಲ, ಫೋನ್ ಇಡಿ ಅಂದೆ. "ಪಾಪ, ಆಗಿನಿಂದ ಎಷ್ಟು ಸಮಾಧಾನವಾಗಿ ಹೇಳಿಕೊಡ್ತಿದ್ದಾರೆ, ಮುಖಕ್ಕೆ ಹೊಡೆದ ಹಾಗೆ ಇಟ್ಟುಬಿಡೋದಾ?" ಅಂದಿರಿ. ಆಮೇಲೆ, ಕಾಲೇಜು ಸೇರಿ ಇನ್ನೂ ಸರಿಯಾಗಿ ಪುಸ್ತಕ ಬಿಚ್ಚಿಲ್ಲ, ಆಗಲೇ ಅಪ್ಪನಿಗೆ ಬುದ್ಧಿ ಹೇಳ್ತಾಳೆ ಎಂದು ಕಟ್ ಮಾಡಿದಿರಿ. ಅವನಿಗೆ ಮರ್ಯಾದೆ, ನನಗೆ ಬೈಗುಳ.

ಯಾಕೆ ಹೀಗೆ ಅಂತ ನನಗೆ ಗೊತ್ತು. ದಿನವಿಡೀ ನೀವೂ ಅದನ್ನೇ ಮಾಡುತ್ತೀರಿ. ಯಾರದೋ ಹೊಲಿಗೆ ಮಷಿನ್ ನಿಂತರೆ, ಸೂಜಿ ಮೇಲೆತ್ತಿ, ಬಾಬಿನ್ ತೆಗೆಯಿರಿ, ಈಗ ಚಕ್ರ ತಿರುಗಿಸಿ ಎಂದು ಫೋನಿನಲ್ಲೇ ಸರಿ ಮಾಡಿಸುತ್ತೀರಿ. ಅರ್ಧದಲ್ಲಿ ಫೋನ್ ಇಟ್ಟವರನ್ನು ಕಂಡರೆ ನಿಮಗೆ ಮೈಯೆಲ್ಲಾ ಉರಿ. ಹಾಗಾಗಿ ಯಾರಾದರೂ ನಿಧಾನವಾಗಿ ಇದನ್ನು ಒತ್ತಿ, ಅದನ್ನು ಓದಿ ಎಂದರೆ, ಇವನೂ ನನ್ನಂಥ ಕೆಲಸದವನೇ ಅನಿಸಿಬಿಡುತ್ತದೆ. ಆದರೆ ಅಪ್ಪಾ, ಗಿರಾಕಿಗಳು ನಿಮಗೆ ಫೋನ್ ಮಾಡುತ್ತಾರೆ. ನೀವಾಗಿ ಯಾರಿಗಾದರೂ ಫೋನ್ ಮಾಡಿ ನಿಮ್ಮ ಮಷಿನ್ ಕೆಟ್ಟಿದೆ ಅಂದಿದ್ದೀರಾ? ಬ್ಯಾಂಕಿನವರು ಓಟಿಪಿ ನಂಬರನ್ನು ಯಾವತ್ತೂ ಕೇಳುವುದಿಲ್ಲ. ಅನುಮಾನ ಬಂದರೆ ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಮಾಡಿ ವಿಚಾರಿಸಿ. ನನ್ನ ಫೀಸು, ಅಂಗಡಿ ಬಾಡಿಗೆ, ಎಲ್ಲಾ ಆ ಒಂದೇ ಖಾತೆಯಲ್ಲಿ ಕೂತಿದೆ. ಎಷ್ಟು ಸಲ ಹೇಳಲಿ? ಹೇಳಿ ಹೇಳಿ ನನಗೇ ತಲೆನೋವು ಬಂದಿದೆ.

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಅಮ್ಮನನ್ನು ಕೇಳಿದೆ ಅಂತ ಹೇಳಿ. ನಿಮಗೂ ನಮಸ್ಕಾರ, ನನ್ನ ಸಿಟ್ಟು ಮಾತ್ರ ಹಾಗೇ ಇದೆ.

ನಿಮ್ಮ
ಗುಬ್ಬಿ

ತಾ.ಕ.: ಕವರ್ ಅಂಟಿಸುವಾಗ ಇನ್ನೊಂದು ಓಟಿಪಿ ಬಂತು. ನಿಮ್ಮ ಮೊಬೈಲ್ ಎತ್ತುತ್ತಿಲ್ಲ, ಅಂಗಡಿ ಫೋನು ಬ್ಯುಸಿ. ಯಾರ ಜೊತೆ ಮಾತಾಡುತ್ತಿದ್ದೀರಿ ಅಂತ ಕೇಳುವ ಅಗತ್ಯವೇ ಇಲ್ಲ. ನಿಮ್ಮನ್ನು ಕೇಳದೆ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿದ್ದೇನೆ. ದುಡ್ಡು ಇದೆ, ಈಗಷ್ಟೇ ನೋಡಿದೆ. ಹೊಸ ಕಾರ್ಡ್ ಬೇಕೆಂದರೆ ನೀವೇ ಬ್ಯಾಂಕಿಗೆ ಹೋಗಿ, ಎದುರಿಗೆ ಕೂತ ಮನುಷ್ಯನನ್ನು ಕೇಳಬೇಕು. ನಿಮಗೆ ಕೆಂಡದಂಥ ಕೋಪ ಬರುತ್ತದೆ, ಗೊತ್ತು. ಬೈಯುವುದಕ್ಕಾದರೂ ಒಂದು ಫೋನ್ ಮಾಡಿ ಅಪ್ಪಾ.