ವಂಶವೃಕ್ಷದಲ್ಲಿ ಬಿಟ್ಟ ಹೆಸರು

ತಮ್ಮಾ ವಾಸು,

ನಾನು ನಿನ್ನ ಅಕ್ಕ ಸರಸ್ವತಿ. ಎಸ್ಸೆಸ್ಸೆಲ್ಸಿ ಓದಿದವಳು, ನೆದರ್‌ಲ್ಯಾಂಡ್ಸಿನ ಬೆಸ್ಟ್ ಅನ್ನುವ ಊರಿನ ಈ ಮನೆಗೆ ಹಿರಿಯಳು. ನಾನು ಹೂಂ ಅನ್ನದೆ ಮಗ ಗಿರೀಶ ಸೋಫಾ ಕೂಡ ಬದಲಾಯಿಸುವುದಿಲ್ಲ. ಅಂಥವಳು ತಿಂಗಳಿಡೀ ಒಂದು ಕಾಗದಕ್ಕೆ ಹೆದರಿದ್ದೆ ಅಂದರೆ ನಂಬುತ್ತೀಯಾ?

ಗಂಡಿನ ಮನೆ ನೋಡಲು ಈಗಿನ ನನ್ನ ಸೊಸೆ ನಂದಿನಿಯ ತಂದೆತಾಯಿ ಮೈಸೂರಿಗೆ ಬಂದ ದಿನ ನೆನಪಿದೆಯಾ? ನಿನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದ್ದೆ. ನೀನು ಒಳಗೆ ಯಾರಿಗೋ ಉತ್ತರ ಕೊಡುತ್ತಲೇ ಇದ್ದೆ. "ಪಕ್ಕದ ಮನೆ ರೇಡಿಯೋ" ಅಂತ ನಾನು ಅವರಿಗೆ ಹೇಳಿದೆ. ನಿನಗೂ ಕೇಳಿಸಿತೇನೋ... ಮದುವೆಗೆ ಮೊದಲೇ ನೀನು ತೀರಿಹೋದೆ. ನಾನು ಗಿರೀಶನ ಬಾಯಿ ಮುಚ್ಚಿಸಿದೆ. ನನಗೊಬ್ಬ ತಮ್ಮನಿದ್ದ ಅಂತಲೇ ಸೊಸೆಗೆ ತಿಳಿಯಲಿಲ್ಲ.

ಹೋದ ವರ್ಷ ಮೊಮ್ಮಗಳು ಅನ್ವಿಗೂ ದನಿಗಳು ಕೇಳತೊಡಗಿದವು. ಡಾಕ್ಟರು ನಿನಗೆ ಹೇಳಿದ್ದ ಹೆಸರನ್ನೇ ಹೇಳಿದರು, ಸ್ಕಿಜೋಫ್ರೇನಿಯಾ. ಔಷಧಿಯಿಂದ ಈಗ ಪರವಾಗಿಲ್ಲ. ಒಂದು ಜೀನ್‌ಗೂ ಈ ಕಾಯಿಲೆಗೂ ನಂಟಿದೆಯೇ ಅಂತ ಸಂಶೋಧನೆ ಮಾಡುವ ಟಿಲ್‌ಬರ್ಗ್ ಊರಿನ ಆಸ್ಪತ್ರೆಯವರು ನಮ್ಮೆಲ್ಲರ ರಕ್ತ ಕೇಳಿದರು. ಜೊತೆಗೊಂದು ವಂಶವೃಕ್ಷದ ಫಾರಂ. ಮನೆತನದಲ್ಲಿ ಇನ್ನಾರಿಗಾದರೂ ಇತ್ತೇ? ಇಲ್ಲ ಅಂತ ಬರೆಸಿದೆ. ಸುಳ್ಳಲ್ಲ ಅಂದುಕೊಂಡೆ. ಮದುವೆಯಾದ ಮೇಲೆ ನನ್ನ ಗೋತ್ರವೇ ಬೇರೆಯಲ್ಲವೇ? ನೀನು ತವರಿನವನು.

ಕಳೆದ ಸೋಮವಾರ ಅಲ್ಲಿಯ ಹೆಂಗಸು ಮನೆಗೆ ಬಂದು, "ಯಜಮಾನರ ಕಡೆ ನಾಲ್ಕು ತಲೆಮಾರಿದೆ, ನಿಮ್ಮ ಕಡೆ ಪೂರ್ತಿ ಖಾಲಿ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ತವರಿನವರು ನಮ್ಮ ಕುಟುಂಬಕ್ಕೆ ಸೇರಲ್ಲ ಅಂದೆ. ಅನ್ವಿ ನಕ್ಕುಬಿಟ್ಟಳು. "ಅಜ್ಜೀ, ಬ್ಲಡ್‌ಗೆ ಗೋತ್ರ ಗೊತ್ತಾ? ಸೈನ್ಸಲ್ಲೂ ಮಡಿನಾ?" ಒಂದೇ ಜೀನ್‌ನಿಂದ ಕಾಯಿಲೆ ಬರುವುದಿಲ್ಲ, ನಮಗೆ ಫಲಿತಾಂಶವನ್ನೂ ಹೇಳುವುದಿಲ್ಲ ಅಂದಳು ಆ ಹೆಂಗಸು. ಆದರೆ ಯಾರಿಗಿತ್ತು ಅನ್ನುವುದೇ ತಪ್ಪಾದರೆ ಮನೆಯವರ ರಕ್ತಗಳ ಹೋಲಿಕೆಯೂ ತಪ್ಪುತ್ತದಂತೆ. ನಂದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದರೆ ಈ ಮನೆಯಲ್ಲಿ ನನ್ನ ಮಾತಿಗೆ ಇನ್ನು ಬೆಲೆ ಇರುತ್ತದೆಯೇ? ಹೇಳದಿದ್ದರೆ...

ನಿನ್ನೆ ಬೆಳಿಗ್ಗೆ ನಂದಿನಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಎಲ್ಲ ಹೇಳಿದೆ. "ಅತ್ತೆ, ಅನ್ವಿ ನಿದ್ದೆಯಿಲ್ಲದೆ ಒದ್ದಾಡ್ತಿದ್ದಾಗ ಎಕ್ಸಾಮ್ ಟೆನ್ಷನ್ ಅಂದ್ರಲ್ಲ. ನಿಮಗೆ ಗೊತ್ತಿತ್ತಲ್ವಾ?" ಅಂದಳು. ಆಮೇಲೆ ನನ್ನೊಡನೆ ಮಾತಿಲ್ಲ. ಮುಂದಾದರೂ ಆಡುತ್ತಾಳೋ ಇಲ್ಲವೋ.

ಮಧ್ಯಾಹ್ನ ಒಬ್ಬಳೇ ರೈಲು ಹತ್ತಿ ಟಿಲ್‌ಬರ್ಗ್‌ಗೆ ಹೋದೆ. ಹೊಸ ಫಾರಂ ಕೇಳಿದೆ. ನನ್ನ ಹೆಸರಿನ ಪಕ್ಕ ನನಗೆ ಬರುವ ಇಂಗ್ಲಿಷಿನಲ್ಲೇ ಬರೆದೆ: ವಾಸುದೇವ, ಒಡಹುಟ್ಟಿದ ತಮ್ಮ, ಅವನಿಗೂ ಇತ್ತು. ಸಹಿ ಹಾಕಿ, ಸ್ವೆಟರಿನ ತೋಳು ಮಡಚಿ, ರಕ್ತ ಕೊಟ್ಟು ಬಂದೆ.

ನಿನ್ನ ಅಕ್ಕ